ಅಲಸಂದೆ, ಹಂದಿ ಮೂಳೆ ಮತ್ತು ನಿಮ್ಮ ಐದು ಲೀಟರ್ ಕುಕ್ಕರ್

ನಾರ್ತ್ ಚಾರ್ಲ್‌ಸ್ಟನ್, ಸೌತ್ ಕ್ಯಾರೊಲೈನಾ
ಡಿಸೆಂಬರ್ 6

ಅತ್ತಿಗೆಯವರಿಗೆ ನಮಸ್ಕಾರ,

ನಾನು ಇಲ್ಲಿ ಆರಾಮವಾಗಿದ್ದೇನೆ. ನೀವು, ಅಣ್ಣ, ಅಮ್ಮ, ಅಪ್ಪ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಫಿ ಕೊಯ್ಲು ಎಲ್ಲಿಗೆ ಬಂತು? ಆಳುಗಳು ಸಿಕ್ಕರಾ? ಕಣದಲ್ಲಿ ಹರಡಿದ ಕಾಫಿಗೆ ಮೋಡ ಕಟ್ಟಿದರೆ ಅಣ್ಣನ ಮುಖ ಹೇಗಿರುತ್ತದೆ ಅಂತ ನನಗೆ ಇಲ್ಲಿಂದಲೇ ಕಾಣುತ್ತದೆ.

ಹೊಸ ವರ್ಷಕ್ಕೆ ಹೋಮ್‌ಸ್ಟೇ ಪೂರ್ತಿ ಬುಕ್ ಆಗಿದೆ, ಬರುವವರಿಗೆ ಕಡುಬು, ಹಂದಿ ಸಾರು ಬಿಟ್ಟು ಇನ್ನೇನಾದರೂ ಮಾಡಬೇಕು ಅಂದಿರಲ್ಲ. ನಾನು ಫೋಟೋ ಕಳಿಸಿದ್ದ ಅಲಸಂದೆ-ಹ್ಯಾಮ್ ನೋಡಿ, ಫೋನಿನಲ್ಲಿ ಬೇಡ, ನಿಧಾನವಾಗಿ ಬರೆದು ಕಳಿಸಿ ಅಂದಿರಿ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗುತ್ತದೆ. ಮಾಡುವ ವಿಧಾನ ಮಾತ್ರ ಬೇಕಿದ್ದರೆ ಮಧ್ಯದಿಂದ ಓದಿ. ಆದರೆ ಅತಿಥಿಗಳು ಕೇಳುತ್ತಾರಲ್ಲ, ಇದೇನು, ಎಲ್ಲಿಯದು ಅಂತ. ಅದಕ್ಕಾಗಿ ಮೊದಲಿನದನ್ನೂ ಓದಿಬಿಡಿ.

ಅಮೆರಿಕದ ಈ ದಕ್ಷಿಣದ ಕಡೆ ಜನವರಿ 1ರಂದು ಅಲಸಂದೆ ತಿನ್ನಲೇಬೇಕು. ನಮ್ಮಲ್ಲಿ ಯುಗಾದಿಗೆ ಬೇವು-ಬೆಲ್ಲ ಎಷ್ಟು ಖಾಯಮ್ಮೋ ಇಲ್ಲಿ ಇದು ಅಷ್ಟೇ ಖಾಯಂ. ಕಾಳು ಅಂದರೆ ಚಿಲ್ಲರೆ ಕಾಸು, ಜೊತೆಗೆ ಬೇಯಿಸುವ ಸೊಪ್ಪು ಅಂದರೆ ನೋಟು, ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ ಅಂದರೆ ಚಿನ್ನ. ಮೂರೂ ತಿಂದರೆ ವರ್ಷವಿಡೀ ದುಡ್ಡು ಅಂತ ನಂಬಿಕೆ. ಡಿಸೆಂಬರ್ ಕೊನೆಯ ವಾರ ಅಂಗಡಿಗೆ ಹೋದರೆ ಒಣ ಅಲಸಂದೆಯ ಪ್ಯಾಕೆಟ್ಟುಗಳನ್ನು ಬಾಗಿಲ ಹತ್ತಿರವೇ ಗುಡ್ಡೆ ಹಾಕಿರುತ್ತಾರೆ.

ನನಗೆ ಇದನ್ನು ಕಲಿಸಿದವರು ನಮ್ಮ ಶಿಫ್ಟಿನ ಒಬ್ಬ ಹಿರಿಯರು. ಅವರ ಮನೆಯವರು ಗಲ್ಲಾ ಜನ. ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಮಕ್ಕಳು-ಮೊಮ್ಮಕ್ಕಳು, ಈ ಕರಾವಳಿಯ ದ್ವೀಪಗಳಲ್ಲಿ ತಮ್ಮದೇ ಮಾತು, ತಮ್ಮದೇ ಅಡುಗೆ ಉಳಿಸಿಕೊಂಡವರು. ಚಾರ್ಲ್‌ಸ್ಟನ್ ಬಂದರು ನೋಡಲು ತುಂಬಾ ಚಂದ. ಆದರೆ ಈ ದೇಶಕ್ಕೆ ಗುಲಾಮರನ್ನು ಇಳಿಸಿದ ಜಾಗಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ಆ ಹಡಗುಕಟ್ಟೆ ಇದ್ದಲ್ಲೇ 2023ರಲ್ಲಿ ಒಂದು ಮ್ಯೂಸಿಯಂ ತೆರೆದಿದ್ದಾರೆ. ನೀವು ಬಂದಾಗ ಕರೆದುಕೊಂಡು ಹೋಗುತ್ತೇನೆ.

ಅಲಸಂದೆ ಹುಟ್ಟಿದ್ದೂ ಆಫ್ರಿಕಾದಲ್ಲೇ. ನಮ್ಮ ದೇಶಕ್ಕೆ ಸಾವಿರಾರು ವರ್ಷಗಳ ಹಿಂದೆಯೇ ಬಂದು ನಮ್ಮದೇ ಆಗಿಬಿಟ್ಟಿದೆ. ಈ ಕಡೆಗೆ ಬಂದದ್ದು ಗುಲಾಮರ ಹಡಗುಗಳ ಜೊತೆಗೆ. ಇಲ್ಲಿ ಭತ್ತ ಬೆಳೆದು ಸಾಹುಕಾರರಾದವರು ಬಿಳಿಯರು, ಗದ್ದೆ ಕೆಲಸ ಬಲ್ಲವರು ಆಫ್ರಿಕಾದವರು. ಅನ್ನ, ಕಾಳು, ಒಂದು ತುಂಡು ಹಂದಿ ಮಾಂಸ ಮೂರನ್ನೂ ಒಟ್ಟಿಗೆ ಬೇಯಿಸಿದರೆ ಅದಕ್ಕೆ ಹಾಪಿನ್ ಜಾನ್ ಅನ್ನುತ್ತಾರೆ. 1847ರಲ್ಲಿ ಇದೇ ಊರಿನಲ್ಲಿ ಅಚ್ಚಾದ ಅಡುಗೆ ಪುಸ್ತಕದಲ್ಲೇ ಅದು ಇದೆ. ಬರೆದವರು ದೊಡ್ಡ ಮನೆಯ ಹೆಂಗಸು. ಆಗ ಅಂಥ ಮನೆಗಳಲ್ಲಿ ಒಲೆ ಮುಂದೆ ನಿಲ್ಲುತ್ತಿದ್ದವರು ಯಾರು ಅಂತ ನಿಮಗೆ ಬೇರೆ ಹೇಳಬೇಕಾ?

ಹೊಸ ವರ್ಷಕ್ಕೇ ಯಾಕೆ ಅಂದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ಇಲ್ಲಿನ ಅಂತರ್ಯುದ್ಧದಲ್ಲಿ, 1864ರಲ್ಲಿ, ಉತ್ತರದವರ ಜನರಲ್ ಶರ್ಮನ್ ದಂಡು ಎಲ್ಲ ದವಸ ಬಾಚಿಕೊಂಡು ಹೋಯಿತು, ಅಲಸಂದೆ ದನದ ಮೇವು ಅಂತ ಬಿಟ್ಟು ಹೋಯಿತು, ಅದರಿಂದ ಜನ ಬದುಕಿದರು ಅನ್ನುವುದು ಒಂದು. ನಮ್ಮ ಹಿರಿಯರು ಇದನ್ನು ಕೇಳಿದರೆ ನಗುತ್ತಾರೆ. "ಶರ್ಮನ್ ಹುಟ್ಟುವ ಮೊದಲಿಂದಲೂ ನಮ್ಮವರು ಇದನ್ನೇ ತಿನ್ನುತ್ತಿದ್ದರು" ಅನ್ನುತ್ತಾರೆ. ಅವರ ಮನೆಯಲ್ಲಿ ಹೇಳುವುದು ಬೇರೆ. ಅಧ್ಯಕ್ಷ ಲಿಂಕನ್ ಅವರ ಗುಲಾಮರ ಬಿಡುಗಡೆಯ ಘೋಷಣೆ ಜಾರಿಗೆ ಬಂದದ್ದು 1863ರ ಜನವರಿ 1ರಂದು. ಹಿಂದಿನ ರಾತ್ರಿ ಚರ್ಚುಗಳಲ್ಲಿ ಜನ ನಿದ್ದೆಗೆಟ್ಟು ಕಾದರು. ಈಗಲೂ ಡಿಸೆಂಬರ್ 31ರ ರಾತ್ರಿ ಅವರ ಚರ್ಚುಗಳಲ್ಲಿ ಹಾಗೆ ಕೂರುತ್ತಾರೆ, ಬೆಳಗಾದರೆ ಅಲಸಂದೆ. ನನಗೆ ಈ ಮಾತೇ ಸರಿ ಕಾಣುತ್ತದೆ. ನೀವು ಅತಿಥಿಗಳಿಗೆ ಅದೃಷ್ಟದ ಕಾಳು ಅಂತಷ್ಟೇ ಹೇಳಬೇಡಿ, ಇದನ್ನೂ ಹೇಳಿ.

ಸರಿ, ಇನ್ನು ಅಡುಗೆ.

ಹ್ಯಾಮ್ ಅಂದರೆ ಹಂದಿಯ ಹಿಂಗಾಲ ತೊಡೆ. ಉಪ್ಪು ಹಾಕಿ ಹದ ಮಾಡಿ, ಮರದ ಹೊಗೆಯಲ್ಲಿ ಇಟ್ಟಿರುತ್ತಾರೆ. ಕ್ರಿಸ್‌ಮಸ್‌ಗೆ ಇಡೀ ತೊಡೆ ತಂದು ಊಟ ಮಾಡಿ, ಉಳಿದ ಮೂಳೆಯನ್ನು ಹೊಸ ವರ್ಷದ ಕಾಳಿಗೆ ಎತ್ತಿಡುತ್ತಾರೆ. ಅಮ್ಮ ಕೇಳಿದರೆ ಖುಷಿಪಡುತ್ತಾಳೆ, ಏನೂ ಬಿಸಾಡುವುದಿಲ್ಲ. ಮೂಳೆ ಇಲ್ಲದವರು ಪಾದದ ಮೇಲಿನ ಗೆಣ್ಣನ್ನು ತರುತ್ತಾರೆ. ಅದರಲ್ಲಿ ಮಾಂಸ ಕಡಿಮೆ. ಚರ್ಮ, ನರ, ಮೂಳೆ ಜಾಸ್ತಿ. ರುಚಿ ಇರುವುದೇ ಅಲ್ಲಿ. ಒಳ್ಳೆ ಮಾಂಸ ಒಡೆಯರ ಮನೆಗೆ ಹೋಗಿ, ಇಂಥ ತುಂಡುಗಳು ಗುಲಾಮರ ಪಾಲಿಗೆ ಬರುತ್ತಿದ್ದವು. ಅವರು ಅದರಲ್ಲೇ ಇಂಥ ರುಚಿ ತೆಗೆದರು.

ಮುಖ್ಯವಾದ ಮಾತು ಒಂದೇ, ಇದನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು: ಮೂಳೆ ಮತ್ತು ಕಾಳು ಒಟ್ಟಿಗೆ ಕುಕ್ಕರ್‌ಗೆ ಹೋಗಬಾರದು. ಗೆಣ್ಣು ಬೇಯಲು ಪ್ರೆಷರ್‌ನಲ್ಲೂ ಮುಕ್ಕಾಲು ಗಂಟೆ ಬೇಕು. ಅಲಸಂದೆಯ ಸಿಪ್ಪೆ ತೆಳು, ನೆನೆಸದಿದ್ದರೂ ಹತ್ತು-ಹನ್ನೆರಡು ನಿಮಿಷ ಸಾಕು. ಎರಡನ್ನೂ ಒಟ್ಟಿಗೆ ಇಟ್ಟರೆ ಮೂಳೆ ಬೇಯುವ ಹೊತ್ತಿಗೆ ಕಾಳು ಗಂಜಿಯಾಗಿರುತ್ತದೆ. ಕಾಳಿನ ಲೆಕ್ಕಕ್ಕೆ ಇಳಿಸಿದರೆ ಮೂಳೆ ರಬ್ಬರ್.

ಅದಕ್ಕೇ ಹಿಂದಿನ ದಿನವೇ ಮೂಳೆ ಕೆಲಸ ಮುಗಿಸಿ. ಗೆಣ್ಣು ಎರಡು, ನೀರು ಎರಡು ಲೀಟರ್, ಒಂದು ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಎರಡು ಪಲಾವ್ ಎಲೆ, ಕರಿಮೆಣಸು. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಡಿ. ಕೂಗು ಎಣಿಸಬೇಡಿ, ಗಡಿಯಾರ ನೋಡಿ. ಪ್ರೆಷರ್ ತಾನಾಗಿ ಇಳಿಯಲಿ. ಮಾಂಸ ಮೂಳೆಯಿಂದ ಬೆರಳಿನಲ್ಲೇ ಬಿಟ್ಟುಕೊಳ್ಳಬೇಕು. ಅದನ್ನು ಬಿಡಿಸಿ ಬೇರೆ ಇಡಿ. ನೀರನ್ನು ಸೋಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಕೊಬ್ಬು ಕೆನೆ ಕಟ್ಟಿರುತ್ತದೆ, ಕೆಳಗಿನದು ಅಲುಗಾಡುವ ಹಾಗೆ ಹೆಪ್ಪುಗಟ್ಟಿರುತ್ತದೆ. ಹೆದರಬೇಡಿ, ಕೆಟ್ಟಿಲ್ಲ. ಚರ್ಮ-ನರದ ಅಂಟು ಕರಗಿ ನೀರಿಗೆ ಇಳಿದದ್ದು ಅದು. ಕೊಬ್ಬನ್ನು ಚಮಚದಲ್ಲಿ ತೆಗೆದು ಎರಡು ಚಮಚ ಮಾತ್ರ ಒಗ್ಗರಣೆಗೆ ಇಟ್ಟುಕೊಳ್ಳಿ.

ಮಾರನೇ ದಿನ ಆ ಕೊಬ್ಬಿನಲ್ಲಿ ಹೆಚ್ಚಿದ ಈರುಳ್ಳಿ, ದಪ್ಪ ಮೆಣಸಿನಕಾಯಿ, ಬೆಳ್ಳುಳ್ಳಿ ಬಾಡಿಸಿ. ಇಲ್ಲಿ ಸೆಲರಿಯನ್ನೂ ಹಾಕುತ್ತಾರೆ. ನಿಮ್ಮಲ್ಲಿ ಸಿಗದಿದ್ದರೆ ಚಿಂತೆಯಿಲ್ಲ, ಅದರ ದಂಟು ನನಗೇನೂ ಅಷ್ಟು ಇಷ್ಟವಿಲ್ಲ. ಅರ್ಧ ಕೆಜಿ ತೊಳೆದ ಅಲಸಂದೆ, ಮೂಳೆ ಬೇಯಿಸಿದ ನೀರು ಒಂದೂವರೆ ಲೀಟರ್. ಕುಕ್ಕರ್ ಮುಚ್ಚಿ, ಮೊದಲ ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಆಮೇಲೆ ಆರಿಸಿ ಸುಮ್ನೆ ಬಿಟ್ಟುಬಿಡಿ. ವೇಯ್ಟ್ ಎತ್ತಿ ಹಬೆ ಬಿಟ್ಟರೆ ಒಳಗೆ ಕಾಳು ಕೊತಕೊತ ಕುದ್ದು ಸಿಪ್ಪೆ ಒಡೆಯುತ್ತದೆ. ರಾತ್ರಿ ನೆನೆಸಿದ ಕಾಳಾದರೆ ನಾಲ್ಕೈದು ನಿಮಿಷವೇ ಸಾಕು. ನಾನಂತೂ ನೆನೆಸುವುದಿಲ್ಲ, ನೆನೆಸದೆ ಬೇಯಿಸಿದರೆ ಕಾಳು ಇಡಿಯಾಗಿ ಉಳಿಯುತ್ತದೆ, ಗಸಿಯೂ ದಪ್ಪವಾಗುತ್ತದೆ.

ಕಾಳು ಬೇಯಿಸುವಾಗ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬಾರದು. ಕಾಳು ನೊರೆ ಉಕ್ಕಿ ವೇಯ್ಟ್‌ನ ತೂತಿಗೆ ಅಡ್ಡವಾಗುತ್ತದೆ. ನಿಮ್ಮ ಐದು ಲೀಟರಿನದಕ್ಕೆ ಅರ್ಧ ಕೆಜಿಯೇ ಮಿತಿ. ಅತಿಥಿಗಳು ಜಾಸ್ತಿ ಇದ್ದರೆ ಎರಡು ಸಲ ಇಡಿ.

ನನ್ನದು ಕರೆಂಟಿನ ಪಾತ್ರೆ, ಅದು ಕೂಗುವುದೇ ಇಲ್ಲ. ಒಂದು ಸಣ್ಣ ಮೊಳೆ ಮೇಲೇಳುತ್ತದೆ ಅಷ್ಟೇ. ನಿಮ್ಮ ಗ್ಯಾಸಿನ ಕುಕ್ಕರ್‌ನಲ್ಲಿ ಒತ್ತಡ ಇದಕ್ಕಿಂತ ಜಾಸ್ತಿ, ಹಾಗಾಗಿ ಬೇಗ ಬೇಯುತ್ತದೆ. ಆದರೆ ಸಕಲೇಶಪುರ ಸಮುದ್ರದಿಂದ 900 ಮೀಟರ್‌ಗಿಂತ ಎತ್ತರ, ಅಲ್ಲಿ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಒಳಗೂ ಅದರ ಪ್ರಭಾವ ಸ್ವಲ್ಪ ಇರುತ್ತದೆ. ಅದಕ್ಕೇ ನನ್ನ ನಿಮಿಷಗಳನ್ನು ಶಾಸನ ಅಂದುಕೊಳ್ಳಬೇಡಿ. ಮೊದಲು ಒಂದು ಹಿಡಿ ಕಾಳು ಇಟ್ಟು ನೋಡಿ. ನೀವು ಇದೇ ವರ್ಷದ ಕಾಳು ಹಾಕುತ್ತೀರಿ, ನಾನು ಅಂಗಡಿಯ ಹಳೇ ಕಾಳು ಹಾಕುತ್ತೇನೆ. ಹಳೇದು ಬೇಯಲು ಜಾಸ್ತಿ ಹೊತ್ತು ಹಿಡಿಯುತ್ತದೆ.

ಕಾಳು ಬೆಂದ ಮೇಲೆ ಬಿಡಿಸಿಟ್ಟ ಮಾಂಸ ಸೇರಿಸಿ. ಉಪ್ಪು ಕೊನೆಗೆ. ಹ್ಯಾಮ್‌ನಲ್ಲೇ ಸಿಕ್ಕಾಪಟ್ಟೆ ಉಪ್ಪಿದೆ, ಬೆಂದ ಮೇಲೆ ರುಚಿ ನೋಡಿಯೇ ಹಾಕಬೇಕು. ಹುಳಿಯೂ ಹಾಗೆಯೇ. ಟೊಮೇಟೊ, ವಿನೆಗರ್, ನಿಂಬೆ ಯಾವುದನ್ನೂ ಮೊದಲೇ ಹಾಕಬೇಡಿ. ಹುಳಿಯಲ್ಲಿ ಕಾಳು ಮೆತ್ತಗಾಗುವುದೇ ಇಲ್ಲ. ಅಪ್ಪನಿಗೆ ಬಿಪಿ ಇದೆಯಲ್ಲ, ಅವರ ಪಾಲಿಗೆ ಒಂದು ಹಿಡಿ ಕಾಳು ಬೇರೆ ಬೇಯಿಸಿ. ಅವರು ಹೇಗೂ ಅಡುಗೆಮನೆಗೆ ಬಂದು ಸೌಟು ಹಾಕುತ್ತಾರೆ, ಅದನ್ನು ತಡೆಯುವುದು ನಿಮ್ಮ ಕೆಲಸ.

ಈಗ ನೀವು ಕೇಳುವುದು ಗೊತ್ತು. ಹ್ಯಾಮ್ ಎಲ್ಲಿಂದ ತರುವುದು? ನಾನು ಇಲ್ಲಿಂದ ಮಾಂಸ ಕಳಿಸಲು ಆಗುವುದಿಲ್ಲ. ಬೆಂಗಳೂರಿಗೆ ಹೋದಾಗ ಅಣ್ಣ ಒಳ್ಳೆಯ ಕೋಲ್ಡ್ ಸ್ಟೋರೇಜ್ ಅಂಗಡಿಯಲ್ಲಿ ಹೊಗೆ ಹಾಕಿದ ಹ್ಯಾಮ್ ವಿಚಾರಿಸಲಿ. ಸ್ಯಾಂಡ್‌ವಿಚ್‌ಗೆ ಹಾಕುವ ತೆಳು ಹಾಳೆಯಂಥದ್ದು ಮಾತ್ರ ಬೇಡ, ಅದರಲ್ಲಿ ಏನೂ ಇಲ್ಲ. ಸಿಗದಿದ್ದರೆ ಊರಲ್ಲೇ ಹಂದಿ ಕಡಿಯುವ ದಿನ ಮುಂಗಾಲ ಗೆಣ್ಣು ಹೇಳಿಡಿ. ಸುಟ್ಟು ಕೆರೆದದ್ದು ಇರಲಿ. ಉಪ್ಪು, ಕರಿಮೆಣಸು ಸವರಿ ರಾತ್ರಿ ಫ್ರಿಜ್‌ನಲ್ಲಿಟ್ಟು, ಬೆಳಿಗ್ಗೆ ಹಿತ್ತಲ ಒಲೆಯಲ್ಲಿ ಕಾಫಿ ಕಟ್ಟಿಗೆಯ ಕೆಂಡದ ಮೇಲೆ ಎಲ್ಲ ಕಡೆ ಕಂದಾಗುವವರೆಗೆ ಸುಡಿ. ಆಮೇಲೆ ಕುಕ್ಕರ್. ಅದು ಹ್ಯಾಮ್ ಆಗುವುದಿಲ್ಲ, ನಿಜ. ಆದರೆ ಹೊಗೆಯ ವಾಸನೆ ಇರುತ್ತದೆ, ಕಾಳಿಗೆ ಬೇಕಾದದ್ದು ಅದೇ. ಹಂದಿ ತಿನ್ನದವರಿಗೆ ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಹಾಕಿ, ಬರೀ ಕಾಳು ಮಾಡಿ. ಇಲ್ಲಿಯೂ ಹಾಗೆ ಮಾಡುವವರು ಇದ್ದಾರೆ.

ಅಮ್ಮ ಕುಕ್ಕರ್ ವಿಷಯ ತೆಗೆಯುವುದು ಖಂಡಿತ. ಹಂದಿ ಬೇಯಿಸಿದ್ದು ಒಳಗೆ ಬರಕೂಡದು ಅನ್ನುತ್ತಾಳೆ. ಈ ವಿಷಯದಲ್ಲಿ ಅಮ್ಮ ಹೇಳುವುದರಲ್ಲಿ ಹುರುಳಿದೆ. ಪಾತ್ರೆ ತೊಳೆದರೆ ಸರಿಹೋಗುತ್ತದೆ, ಗ್ಯಾಸ್ಕೆಟ್ ಮಾತ್ರ ಹೊಗೆಯ ವಾಸನೆ ಹಿಡಿದುಕೊಂಡುಬಿಡುತ್ತದೆ. ಮಾರನೇ ದಿನ ಅದರಲ್ಲಿ ಬೇಳೆ ಬೇಯಿಸಿದರೆ ಬೇಳೆಯೂ ಅದೇ ವಾಸನೆ. ನಾನು ಮಾಂಸಕ್ಕೇ ಬೇರೆ ಗ್ಯಾಸ್ಕೆಟ್ ಇಟ್ಟಿದ್ದೇನೆ. ನೀವು ಹೊರಗಿನ ಅಡುಗೆಮನೆಗೆ ಅಂತಲೇ ಒಂದು ಹಳೇ ಕುಕ್ಕರ್ ಇಟ್ಟುಬಿಡಿ, ಜಗಳವೇ ಇರುವುದಿಲ್ಲ.

ಅನ್ನದ ಜೊತೆ ಬಡಿಸಿ. ಹಾಪಿನ್ ಜಾನ್ ಮಾಡುವುದಾದರೆ ಕಾಳು ಬೆಂದ ಗಸಿಯಲ್ಲೇ ಅಕ್ಕಿ ಬೇಯಬೇಕು. ಆದರೆ ಕುಕ್ಕರ್‌ನಲ್ಲಲ್ಲ, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಬೇಯಿಸಿ. ಇವರಿಗೆ ಅನ್ನ ಉದುರುದುರಾಗಿಯೇ ಇರಬೇಕು. ನನಗೆ ಯಾಕೋ ರಾಜಮುಡಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಅನ್ನಿಸುತ್ತದೆ. ಇಲ್ಲಿ ಸಿಗುವುದಿಲ್ಲ, ನೀವೇ ಮಾಡಿ ಹೇಳಬೇಕು.

ಸೊಪ್ಪಿಗೆ ಇವರು ಕಾಲರ್ಡ್ ಅನ್ನುವ ದಪ್ಪ ಎಲೆ ಹಾಕುತ್ತಾರೆ. ಅದೂ ನಮ್ಮ ನವಿಲುಕೋಸೂ ಒಂದೇ ಜಾತಿಯ ಗಿಡ, ಹಾಗಾಗಿ ನವಿಲುಕೋಸಿನ ಸೊಪ್ಪು ಸಾಕು. ಸೊಪ್ಪು ಬೆಂದ ನೀರನ್ನು ಇಲ್ಲಿ ಯಾರೂ ಚೆಲ್ಲುವುದಿಲ್ಲ. ಬಟ್ಟಲಿಗೆ ಹಾಕಿಕೊಂಡು ಮೆಕ್ಕೆಜೋಳದ ಬ್ರೆಡ್ ಅದ್ದಿ ತಿನ್ನುತ್ತಾರೆ. ನಾನು ಒಂದು ಸಲ ಕಾಳು ಬಸಿದ ನೀರು, ಸೊಪ್ಪು ಬಸಿದ ನೀರು ಎರಡನ್ನೂ ಸೇರಿಸಿ, ಖಾರ ರುಬ್ಬಿ ಬಸ್ಸಾರು ಮಾಡಿ ನಮ್ಮ ಹಿರಿಯರಿಗೆ ಡಬ್ಬಿಯಲ್ಲಿ ತೆಗೆದುಕೊಂಡು ಹೋದೆ. ತಿಂದು, ಹುಣಸೆಹಣ್ಣು ಜಾಸ್ತಿ ಆಯಿತು, ಮಿಕ್ಕಿದ್ದೆಲ್ಲ ಸರಿ ಅಂದರು. ಡಬ್ಬಿ ವಾಪಸ್ ಬಂದಾಗ ಖಾಲಿ ಇತ್ತು.

ಮರೆತಿದ್ದೆ, ಮೇಜಿನ ಮೇಲೆ ಒಂದು ಸೀಸೆ ಇರಲೇಬೇಕು. ವಿನೆಗರ್‌ನಲ್ಲಿ ಸಣ್ಣ ಹಸಿಮೆಣಸಿನಕಾಯಿ ಮುಳುಗಿಸಿಟ್ಟದ್ದು. ತಟ್ಟೆಗೆ ಬಡಿಸಿದ ಮೇಲೆ ಅದರ ನೀರನ್ನು ನಾಲ್ಕು ಹನಿ ಚಿಮುಕಿಸಿಕೊಳ್ಳುತ್ತಾರೆ. ನಮ್ಮ ತೋಟದ ಸೂಜಿಮೆಣಸು ಹಾಕಿದರೆ ಇವರದ್ದನ್ನೆಲ್ಲ ಮೀರಿಸುತ್ತದೆ. ಇವತ್ತೇ ಹಾಕಿಟ್ಟರೆ ಹೊಸ ವರ್ಷಕ್ಕೆ ಸರಿಯಾಗಿ ಇಳಿದಿರುತ್ತದೆ.

ಮಾಡಿದ ಮೇಲೆ ನಿಮ್ಮ ಕುಕ್ಕರ್‌ನಲ್ಲಿ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯಿರಿ. ಹೊಗೆಸೊಪ್ಪಿನ ಚೀಲ ಅಪ್ಪ ಎಲ್ಲಿ ಬಚ್ಚಿಡುತ್ತಾರೆ ಅಂತ ಅಮ್ಮ ಕೇಳಿದ್ದಳು. ನನಗೆ ಗೊತ್ತಿಲ್ಲ ಅಂತ ಹೇಳಿ. ಅಣ್ಣನಿಗೆ ಮೆಣಸಿನ ರೇಟು ನೋಡಿಕೊಂಡು ಕೊಡಲು ಹೇಳಿ, ಅವಸರ ಬೇಡ.

ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುದ್ದು.

ಇಂತಿ ನಿಮ್ಮ ಮೈದುನ