ಉಲ್ಲೇಖದ ಲೆಕ್ಕ ಮತ್ತು ಮಂಗನ ಕಾಯಿಲೆ

ಮಾನ್ಯ ಸಂಪಾದಕರೇ,

ಆರೋಗ್ಯ ಸಂಶೋಧಕರೊಬ್ಬರ ಪ್ರಬಂಧಗಳೆಷ್ಟು, ಬೇರೆಯವರು ಅವನ್ನು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಖುಷಿಯಾಯ್ತು. ಅದರಲ್ಲಿದ್ದ ‘ಎಚ್-ಇಂಡೆಕ್ಸ್’ ಅಂದ್ರೆ ಏನು ಅಂತ ಮಗಳನ್ನು ಕೇಳಿದೆ. ಒಬ್ಬ ಸಂಶೋಧಕರ 20 ಪ್ರಬಂಧಗಳು ತಲಾ 20 ಸಲವಾದರೂ ಉಲ್ಲೇಖವಾದರೆ ಅವರ ಇಂಡೆಕ್ಸ್ 20 ಅಂದಳು. ಇದು 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಹಾಕಿಕೊಟ್ಟ ಲೆಕ್ಕ.

ನಾನು ಸಿದ್ದಾಪುರ ಕಡೆ ಆರೋಗ್ಯ ಸಹಾಯಕಿಯಾಗಿದ್ದವಳು. ಕಾಡಲ್ಲಿ ಮಂಗ ಸತ್ತಿದೆ ಅಂತ ಸುದ್ದಿ ಬಂದರೆ ಸಂಶೋಧಕರ ಜೊತೆ ಹೋಗುತ್ತಿದ್ದೆವು. ತರಗೆಲೆ ಮೇಲೆ ಬಿಳಿ ಬಟ್ಟೆ ಎಳೆದರೆ ಮಂಗನ ಕಾಯಿಲೆ ಹರಡುವ, ಎಳ್ಳುಕಾಳಿನಷ್ಟು ಚಿಕ್ಕ ಉಣುಗು ಹತ್ತಿಕೊಳ್ಳುತ್ತಿತ್ತು. ಚಿಮಟದಿಂದ ಒಂದೊಂದೇ ಹೆಕ್ಕಿ ಸೀಸೆಗೆ ಹಾಕಿ, ಜಾಗದ ಹೆಸರು, ತಾರೀಕು ಬರೆಯಬೇಕು. ಬೆಳಗಿಂದ ಸಂಜೆವರೆಗೆ ಬಗ್ಗಿ ಸೊಂಟ ಹಿಡಿದುಕೊಳ್ಳುತ್ತಿತ್ತು.

ಈ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇದು ಹೆಚ್ಚಾಗಿ ನಮ್ಮ ಪಶ್ಚಿಮ ಘಟ್ಟದ ಕಾಯಿಲೆ. ಓದುವವರೂ ಕಡಿಮೆ, ಉಲ್ಲೇಖಿಸುವವರೂ ಕಡಿಮೆ. ಕ್ಯಾನ್ಸರ್ ಮೇಲೆ ಜಗತ್ತಿನ ತುಂಬ ಜನ ಬರೆಯುತ್ತಾರೆ, ಅಲ್ಲಿ ಉಲ್ಲೇಖ ಜಾಸ್ತಿ ಆಗೋದು ಸಹಜ ಅಲ್ವಾ? ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಬಡ್ತಿ, ಅನುದಾನ ಕೊಟ್ಟರೆ ನಮ್ಮ ಕಾಡಿಗೆ ಬರುವ ಹುಡುಗರು ಯಾರು?

ಇನ್ನೊಂದು ಸಲ ಸಂಶೋಧಕರ ಬಗ್ಗೆ ಬರೆಯುವಾಗ, ಅವರ ಕೆಲಸದಿಂದ ಯಾವ ಊರಿಗೆ ಏನು ಉಪಯೋಗವಾಯಿತು ಅಂತಲೂ ದಯವಿಟ್ಟು ಕೇಳಿ ಬರೆಯಿರಿ. ಸೀಸೆಗೆ ಚೀಟಿ ಅಂಟಿಸಿದವರನ್ನೂ ಮಾತಾಡಿಸಿ.

– ನಿವೃತ್ತ ಆರೋಗ್ಯ ಸಹಾಯಕಿ, ಶಿರಸಿ