ಯಾವ ಚೆನ್ನಮ್ಮ? ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಇದು ಜಗಳದ ಪತ್ರ ಅಲ್ಲ. ಅನುದಾನ ಕೇಳುವ ಪತ್ರವೂ ಅಲ್ಲ. ಒಂದಷ್ಟು ಬೋರ್ಡುಗಳ ಮೇಲೆ ಎರಡು ಸಾಲು ಜಾಸ್ತಿ ಬರೆಸಿ ಅಂತ ಕೇಳಲು ಬರೆಯುತ್ತಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಮನೆಯಿಂದಲೇ ಶುರು ಮಾಡಬೇಕು.

ಕಳೆದ ರಾಜ್ಯೋತ್ಸವಕ್ಕೆ ಮಗಳ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಮೂರನೇ ಕ್ಲಾಸಿನ ಹುಡುಗಿ. ಸೀರೆಗೆ ಕಚ್ಚೆ ಹಾಕಿ, ಅದು ಜಾರದ ಹಾಗೆ ಎಂಟು ಪಿನ್ನು ಚುಚ್ಚಿ, ರಟ್ಟಿನ ಕತ್ತಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ ಕಳಿಸಿದ್ದೆ. ಅವಳ ಸರದಿ ಬಂದಾಗ ಮೈಕಿನಲ್ಲಿ ಹೇಳಿದರು: "ಈಗ ಬರುತ್ತಿದ್ದಾಳೆ ವೀರರಾಣಿ ಚೆನ್ನಮ್ಮ! ಶಿವಾಜಿಯ ಮಗನಿಗೆ ಆಶ್ರಯ ಕೊಟ್ಟು, ಔರಂಗಜೇಬನ ಸೈನ್ಯವನ್ನು ಓಡಿಸಿ, ಥ್ಯಾಕರೆಯನ್ನು ಕೊಂದ ಕಿತ್ತೂರಿನ ರಾಣಿ!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ವಾಪಸ್ ಬರುವಾಗ ಸ್ಕೂಟರ್ ಹಿಂದೆ ಕೂತವಳು ಕೇಳಿದಳು: "ಔರಂಗಜೇಬ ಬ್ರಿಟಿಷರವನಾ?"

ಆಗ ಹೊಳೆಯಿತು. ಮೈಕಿನಲ್ಲಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಎಲ್ಲವೂ ರಾಣಿ ಚೆನ್ನಮ್ಮ ಮಾಡಿದ್ದೇ. ಆದರೆ ಒಬ್ಬಳಲ್ಲ, ಇಬ್ಬರು.

ತಮಗೆ ಗೊತ್ತಿರುವುದೇ. ಆದರೂ ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಕೆಳದಿಯ ಚೆನ್ನಮ್ಮ. ಆ ರಾಜ್ಯದ ರಾಜಧಾನಿ ಬಿದನೂರಿನ ಗದ್ದುಗೆಯಲ್ಲಿ ಕೂತು 1672ರಿಂದ 1697ರವರೆಗೆ ಮಲೆನಾಡನ್ನೂ ಕರಾವಳಿಯನ್ನೂ ಆಳಿದವಳು. 1689ರಲ್ಲಿ ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಔರಂಗಜೇಬ ಕೊಲ್ಲಿಸಿದ ಮೇಲೆ ಅವನ ತಮ್ಮ ರಾಜಾರಾಮ ತಪ್ಪಿಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಹೊರಟ. ದಾರಿಯಲ್ಲಿ ಸಿಕ್ಕಿದ್ದು ಇವಳ ರಾಜ್ಯ. ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಜೊತೆ ಕಾದಿದವಳು ಕಿತ್ತೂರಿನ ಚೆನ್ನಮ್ಮ. ಕಾಕತಿಯಲ್ಲಿ 1778ರಲ್ಲಿ ಹುಟ್ಟಿ, ದೇಸಾಯಿ ಮಲ್ಲಸರ್ಜನನ್ನು ಮದುವೆಯಾಗಿ ಕಿತ್ತೂರಿಗೆ ಬಂದವಳು. ಇವಳು ಹುಟ್ಟುವ ಹೊತ್ತಿಗೆ ಕೆಳದಿಯ ರಾಜ್ಯವೇ ಇರಲಿಲ್ಲ. ಅದಕ್ಕೆ 15 ವರ್ಷ ಮೊದಲೇ, 1763ರಲ್ಲಿ, ಹೈದರಾಲಿ ಅದನ್ನು ಮುಗಿಸಿದ್ದ.

ಆದರೆ ಗೊಂದಲ ಮಾಡಿಕೊಂಡವರನ್ನು ಬೈಯಲು ನನಗೆ ಮನಸ್ಸಿಲ್ಲ. ಇಬ್ಬರ ಬದುಕೂ ಅಷ್ಟು ಹತ್ತಿರ ಹತ್ತಿರ ಬರುತ್ತದೆ. ಇಬ್ಬರೂ ರಾಜಮನೆತನಕ್ಕೆ ಸೊಸೆಯಾಗಿ ಬಂದವರು. ಇಬ್ಬರ ಗಂಡಂದಿರೂ ಮೊದಲೇ ಹೋದರು. ಇಬ್ಬರ ಮನೆಯಲ್ಲೂ ಗದ್ದುಗೆಗೆ ದತ್ತು ಮಗ ಬೇಕಾಯಿತು. ಇಬ್ಬರೂ ತಮಗಿಂತ ಎಷ್ಟೋ ಪಟ್ಟು ದೊಡ್ಡವರನ್ನು ಎದುರು ಹಾಕಿಕೊಂಡರು. ಇನ್ನು ಕ್ಯಾಲೆಂಡರಿನ ಚಿತ್ರಗಳಲ್ಲಂತೂ ಕುದುರೆ ಅದೇ, ಕತ್ತಿ ಅದೇ, ಕಚ್ಚೆ ಸೀರೆಯೂ ಅದೇ. ಜನ ಕಟ್ಟಿಕೊಂಡ ಕತೆಗಳೂ ಅಕ್ಕತಂಗಿಯರ ಹಾಗಿವೆ. ಕೆಳದಿಯ ಸೋಮಶೇಖರ ನಾಯಕ ಜಾತ್ರೆಯಲ್ಲಿ ಹುಡುಗಿಯನ್ನು ನೋಡಿ ಇವಳನ್ನೇ ಮದುವೆಯಾಗುತ್ತೇನೆ ಅಂದನಂತೆ. ಮಲ್ಲಸರ್ಜ ಹುಲಿ ಬೇಟೆಗೆ ಹೋದಾಗ, ಸತ್ತ ಹುಲಿಯ ಮೈಯಲ್ಲಿ ಇದ್ದ ಬಾಣ ತನ್ನದಾ ಅವಳದಾ ಅಂತ ಮಾತು ಬೆಳೆದು ಮದುವೆಯವರೆಗೆ ಹೋಯಿತಂತೆ. ನಿಜವೋ ಸುಳ್ಳೋ, ಹುಲಿಯ ಕತೆ ನನಗೆ ಜಾಸ್ತಿ ಇಷ್ಟ.

ಇಷ್ಟೆಲ್ಲ ಒಂದೇ ಥರ ಇರುವಾಗ ಎರಡನ್ನೂ ಸೇರಿಸಿ ಒಂದು ಚೆನ್ನಮ್ಮ ಮಾಡಿಕೊಂಡರೆ ಏನು ನಷ್ಟ ಅಂತ ಯಾರಾದರೂ ಕೇಳಬಹುದು. ನಷ್ಟ ಇರುವುದು ಕೊನೆಯಲ್ಲಿ.

ದತ್ತಿನ ವಿಷಯವನ್ನೇ ನೋಡಿ. 1824ರಲ್ಲಿ ಕಿತ್ತೂರಿನ ದೊರೆ, ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತು ತೆಗೆದುಕೊಂಡ ಹುಡುಗನನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪಲಿಲ್ಲ. ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂತ ರಾಜ್ಯ ನುಂಗಿದ ಗವರ್ನರ್ ಜನರಲ್ ಡಾಲ್‌ಹೌಸಿ ಈ ದೇಶಕ್ಕೆ ಬಂದದ್ದು 1848ರಲ್ಲಿ. ಕಿತ್ತೂರು ಆ ಏಟನ್ನು 24 ವರ್ಷ ಮೊದಲೇ ತಿಂದಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮೊಹರು ಹಾಕಲು ಬಂದ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆದು ಕಿತ್ತೂರಿನವರು ಮೇಲೆ ಬಿದ್ದರು. ಥ್ಯಾಕರೆ ಸತ್ತ, ಇಬ್ಬರು ಅಧಿಕಾರಿಗಳು ಸೆರೆ ಸಿಕ್ಕರು. ಆದರೆ ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ ತಂದಿತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಕೆಳದಿಯ ಚೆನ್ನಮ್ಮನ ಕತೆ ಹೀಗೆ ಮುಗಿಯುವುದೇ ಇಲ್ಲ. ಅವಳೂ ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು. ಆ ದತ್ತು ಉಳಿಯಿತು. ಅರಮನೆಯ ಒಳಗಿನ ಪಿತೂರಿಗಳನ್ನು ಅಡಗಿಸಿ, ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡು, ಮೊಗಲರ ಸೈನ್ಯ ಬಂದಾಗ ಕಾದಾಡಿ ಆಮೇಲೆ ಸಂಧಿಗೆ ಕೂರಿಸಿ, 25 ವರ್ಷ ರಾಜ್ಯ ನಡೆಸಿ, ಅದೇ ಮಗನ ಕೈಗೆ ಕೊಟ್ಟು ಹೋದಳು. ಇಬ್ಬರನ್ನೂ ಒಂದು ಮಾಡಿದಾಗ ನಮಗೆ ಉಳಿಯುವುದು ಕುದುರೆ ಮತ್ತು ಕತ್ತಿ ಮಾತ್ರ. ಕೂತು ಆಳಿದ ಹೆಂಗಸು ಮಾಯ. ಹಾಗೆಯೇ, ಸೋಲು ಗೊತ್ತಿದ್ದೂ ಎದ್ದು ನಿಂತ ಹೆಂಗಸಿನ ಕೊನೆಯ ನಾಲ್ಕು ವರ್ಷದ ಸೆರೆವಾಸವೂ ಮಾಯ. ಔರಂಗಜೇಬನನ್ನೇ ಓಡಿಸಿದ ರಾಣಿ ಬೈಲಹೊಂಗಲದ ಸೆರೆಯಲ್ಲಿ ಯಾಕೆ ಸತ್ತಳು ಅಂತ ಮಗು ಕೇಳಿದರೆ ಏನು ಹೇಳೋಣ?

ಈಗ ಹೆಸರುಗಳಿಗೆ ಬರುತ್ತೇನೆ, ಅದು ತಮ್ಮ ಕೈಯಲ್ಲಿರುವುದು. ಸರ್ಕಾರಕ್ಕೆ ಇಬ್ಬರೂ ಬೇರೆ ಬೇರೆ ಅಂತ ಚೆನ್ನಾಗಿ ಗೊತ್ತಿದೆ. ಧೈರ್ಯ ತೋರಿದ ಹೆಣ್ಣುಮಕ್ಕಳಿಗೆ ಕೊಡುವುದು ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿ. ಮಹಿಳೆಯರಿಗಾಗಿ ದುಡಿದವರಿಗೆ ಕೊಡುವುದು ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ. ವಸತಿ ಶಾಲೆಗಳು, ಬೆಳಗಾವಿ ಹತ್ತಿರದ ಕಿರು ಮೃಗಾಲಯ, ಬೆಂಗಳೂರಿನ ಜಯನಗರದ ಕ್ರೀಡಾಂಗಣ, ಎಲ್ಲಕ್ಕೂ ಪೂರ್ತಿ ಹೆಸರು, "ಕಿತ್ತೂರು ರಾಣಿ ಚೆನ್ನಮ್ಮ". ಅಲ್ಲಿ ತಕರಾರಿಲ್ಲ. ಆದರೆ 2010ರಲ್ಲಿ ಬೆಳಗಾವಿಯಲ್ಲಿ ಶುರುವಾದದ್ದು ಬರೀ "ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ". ಬೆಂಗಳೂರಿನಿಂದ ಆ ಕಡೆ ಹೋಗುವ ರೈಲು ಬರೀ "ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್". ಹುಬ್ಬಳ್ಳಿಯಲ್ಲಿ ಬರೀ "ಚೆನ್ನಮ್ಮ ಸರ್ಕಲ್". ಬೆಳಗಾವಿ, ಧಾರವಾಡದವರಿಗೆ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಅವರಿಗೆ ಇರುವುದೇ ಒಬ್ಬಳು. ಆದರೆ ಕೆಳದಿ ಇರುವ ಸಾಗರ ತಾಲೂಕಿನಿಂದ ಬಂದ ಹುಡುಗ ರೈಲಿನ ಹೆಸರು ಓದಿ, ಇದು ನಮ್ಮೂರಿನ ಚೆನ್ನಮ್ಮನ ರೈಲು ಅಂದುಕೊಂಡರೆ ತಪ್ಪಾ?

ಕಿತ್ತೂರಿನ ಚೆನ್ನಮ್ಮನಿಗೆ ಸಿಕ್ಕ ಗೌರವದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. 1977ರಲ್ಲಿ ಅಂಚೆ ಚೀಟಿ ಬಂತು, 2007ರಲ್ಲಿ ಸಂಸತ್ತಿನ ಆವರಣದಲ್ಲಿ ಪ್ರತಿಮೆ ನಿಂತಿತು, ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ. ಎಲ್ಲವೂ ಆಗಬೇಕಾದ್ದೇ. ಆದರೆ ಕೆಳದಿಯ ಚೆನ್ನಮ್ಮನ ಹೆಸರನ್ನು ಒಂದು ಇಡೀ ಊರೇ ಹೊತ್ತುಕೊಂಡಿದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ. ಆ ಊರಿಗೆ ಹೆಸರು ಬಂದದ್ದು ಅವಳಿಂದ. ಬಸ್ಸಿನ ಬೋರ್ಡಿನಲ್ಲಿ ದಿನಾ ಓದುವ ಹೆಸರು. ಅದರಲ್ಲಿ ಒಬ್ಬ ರಾಣಿ ಇದ್ದಾಳೆ ಅಂತ ಟಿಕೆಟ್ ಕೊಳ್ಳುವವರಲ್ಲಿ ಎಷ್ಟು ಜನರಿಗೆ ಹೊಳೆಯುತ್ತದೆ?

ಇನ್ನೊಂದು ಕಡೆಯೂ ಒಬ್ಬ ಚೆನ್ನಮ್ಮ ಅಡಗಿದ್ದಾಳೆ. ಬೆಂಗಳೂರಿನ ಬನಶಂಕರಿ ಕಡೆ ಚೆನ್ನಮ್ಮನ ಕೆರೆ ಅಚ್ಚುಕಟ್ಟು ಅಂತ ಬಡಾವಣೆ ಇದೆ. ಕೆರೆಯ ನೀರು ಹರಿಯುತ್ತಿದ್ದ ಗದ್ದೆ ಬಯಲಿಗೆ ಅಚ್ಚುಕಟ್ಟು ಅನ್ನುತ್ತಾರೆ. ಗದ್ದೆಗಳೆಲ್ಲ ಮನೆಗಳಾದವು, ಹೆಸರು ಮೊಟಕಾಗಿ "ಸಿ.ಕೆ. ಅಚ್ಚುಕಟ್ಟು" ಆಯಿತು. ಚೆನ್ನಮ್ಮ ಈಗ ಒಂದು "ಸಿ" ಅಕ್ಷರದೊಳಗೆ ಕೂತಿದ್ದಾಳೆ. ಅವಳಿಗೆ ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ಇದ್ದ ಕೆರೆಯ ಹೆಸರೂ ಬಾಯಿಂದ ಜಾರಿತು.

ಹೆಸರು ಇಷ್ಟೊಂದು ಕಡೆ ಸಿಗುವುದು ಸಹಜವೇ. ಚೆನ್ನ ಅಂದರೆ ಚೆಲುವು, ಒಳ್ಳೆಯದು. ಬೇಲೂರಿನ ದೇವರು ಚೆನ್ನಕೇಶವ, ಅಕ್ಕನ ದೇವರು ಚೆನ್ನಮಲ್ಲಿಕಾರ್ಜುನ, ಶರಣರಲ್ಲಿ ಚೆನ್ನಬಸವಣ್ಣ. ಗೇರುಸೊಪ್ಪೆಯ ಚೆನ್ನಭೈರಾದೇವಿಯೂ ಇದೇ ಬಳಗ. ಪೋರ್ಚುಗೀಸರು ಕರಿಮೆಣಸಿನ ರಾಣಿ ಅಂತ ಕರೆದ ಆಕೆ 1552ರಿಂದ 54 ವರ್ಷ ಆಳಿದಳು. ಅವಳ ರಾಜ್ಯವನ್ನು 1606ರಲ್ಲಿ ಕಿತ್ತುಕೊಂಡದ್ದು ಯಾರು ಗೊತ್ತಾ? ಕೆಳದಿಯ ವೆಂಕಟಪ್ಪ ನಾಯಕ. 66 ವರ್ಷ ಆದ ಮೇಲೆ ಅದೇ ಕೆಳದಿಯನ್ನು ಆಳಲು ಬಂದವಳು ಇನ್ನೊಬ್ಬ ಚೆನ್ನ. ಇಂಥ ಕತೆ ಕೈಯಲ್ಲಿ ಇಟ್ಟುಕೊಂಡು ಮಕ್ಕಳಿಗೆ ಬರೀ ರಟ್ಟಿನ ಕತ್ತಿ ಕೊಡುತ್ತಿದ್ದೇವಲ್ಲ ಅಂತ ಬೇಜಾರು.

ಒಂದೇ ಹೆಸರಿನವರನ್ನು ಹೇಗೆ ಗುರುತಿಸಬೇಕು ಅನ್ನುವುದು ನಮ್ಮ ಹಳ್ಳಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಓಣಿಯಲ್ಲಿ ಮೂವರು ಚೆನ್ನಮ್ಮ ಇದ್ದರೆ ಒಬ್ಬಳು ಮೇಲಿನ ಮನೆ ಚೆನ್ನಮ್ಮ, ಒಬ್ಬಳು ಬಾವಿಕಟ್ಟೆ ಚೆನ್ನಮ್ಮ, ಮೂರನೆಯವಳು ಬೇರೆ ಊರಿಂದ ಬಂದ ಸೊಸೆಯಾದರೆ ಹೆಸರಿನ ಮುಂದೆ ಅವಳ ತವರೂರು. ಒಬ್ಬಳಿಗೆ ಕೊಡಬೇಕಾದ ಹಾಲಿನ ದುಡ್ಡು ಇನ್ನೊಬ್ಬಳಿಗೆ ಹೋದದ್ದನ್ನು ನಾನಂತೂ ಕೇಳಿಲ್ಲ. ರಾಣಿಯರಿಗೂ ಅಷ್ಟು ಮಾಡಿದರೆ ಸಾಕು.

ಹಾಗಾಗಿ ನಾನು ಕೇಳುವುದು ಇಷ್ಟು. ಚೆನ್ನಮ್ಮನ ಪ್ರತಿಮೆ ಎಲ್ಲೆಲ್ಲಿ ಇದೆಯೋ ಅಲ್ಲಿ, ಯಾರು ಉದ್ಘಾಟಿಸಿದರು ಅನ್ನುವ ಕಲ್ಲಿನ ಪಕ್ಕ ಇನ್ನೊಂದು ಸಣ್ಣ ಕಲ್ಲು ಹಾಕಿಸಿ. ಯಾವ ಚೆನ್ನಮ್ಮ, ಎಲ್ಲಿ, ಯಾವಾಗ, ಯಾರ ಎದುರು. ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಒಂದು ಬೋರ್ಡು, ಈ ಊರಿಗೆ ಈ ಹೆಸರು ಯಾಕೆ ಅಂತ. ರೈಲಿನ ಹೆಸರು ತಮ್ಮ ಇಲಾಖೆಗೆ ಬರುವುದಿಲ್ಲ, ಗೊತ್ತು. ಆದರೆ ದೆಹಲಿಗೆ ಒಂದು ಪತ್ರ ಬರೆಯಬಹುದು. ರಾಜ್ಯೋತ್ಸವಕ್ಕೆ ಮೊದಲು ಶಾಲೆಗಳಿಗೆ ಒಂದು ಪುಟದ ಟಿಪ್ಪಣಿ ಹೋಗಲಿ, ಇಬ್ಬರು ರಾಣಿಯರು, ಎರಡು ಕಾಲ, ಎರಡು ಊರು ಅಂತ. ಮೈಕ್ ಹಿಡಿಯುವ ಮೇಷ್ಟ್ರಿಗೆ ಪಾಪ, ಅವತ್ತು ಐವತ್ತು ಮಕ್ಕಳ ಹೆಸರು ಕೂಗಬೇಕಿರುತ್ತದೆ. ಆ ಪುಟ ಜೇಬಿನಲ್ಲಿದ್ದರೆ ಉಪಕಾರ.

ಇದೇ ಹೊತ್ತಿಗೆ ದಯವಿಟ್ಟು ಒಂದು ಕೆಲಸ ಮಾಡಬೇಡಿ. ಉತ್ತರದ ಕಡೆ "ಚನ್ನಮ್ಮ" ಅಂತ ಬರೆಯುವುದು ಜಾಸ್ತಿ, ಈ ಕಡೆ "ಚೆನ್ನಮ್ಮ". ಊರು ಚನ್ನಗಿರಿ, ತಾಲೂಕು ಚನ್ನಮ್ಮನ ಕಿತ್ತೂರು. ಎಲ್ಲವನ್ನೂ ಒಂದೇ ಥರ ಮಾಡುತ್ತೇವೆ ಅಂತ ಸಮಿತಿ ಕೂರಿಸಿದರೆ ಹತ್ತು ವರ್ಷ ಅದೇ ಜಗಳ. ಜನ ಹೇಗೆ ಬರೆಯುತ್ತಾರೋ ಹಾಗೇ ಇರಲಿ. ಕಾಗುಣಿತದಿಂದ ಯಾವ ರಾಣಿಯೂ ಕಳೆದುಹೋಗಿಲ್ಲ.

ಅಂದಹಾಗೆ, ಮಗಳಿಗೆ ಅವತ್ತು ಎರಡನೇ ಬಹುಮಾನ ಬಂತು. ಪ್ರಮಾಣಪತ್ರದಲ್ಲಿ ಪಾತ್ರದ ಹೆಸರು "ರಾಣಿ ಚೆನ್ನಮ್ಮ" ಅಂತ ಅಚ್ಚಾಗಿತ್ತು. ಇಬ್ಬರ ಕತೆಯನ್ನೂ ಕೇಳಿಸಿಕೊಂಡ ಮೇಲೆ ಅವಳು ಪೆನ್ಸಿಲ್ ತಂದು, ಮುಂದೆ ಇದ್ದ ಸ್ವಲ್ಪ ಜಾಗದಲ್ಲಿ "ಕಿತ್ತೂರು" ಅಂತ ಬರೆದಳು. ಅಕ್ಷರ ಓರೆಯಾಗಿದೆ, "ತ್ತೂ" ಅಂಚಿನ ಹೂವಿನ ಬಳ್ಳಿಯ ಮೇಲೆ ಹತ್ತಿದೆ. ಅದನ್ನೇ ಫ್ರೇಮ್ ಹಾಕಿಸಿದ್ದೇವೆ.

ಇಂತಿ,
ಚೆನ್ನಮ್ಮನಿಗೆ ಎಂಟು ಪಿನ್ನು ಚುಚ್ಚಿದ ಒಬ್ಬ ತಾಯಿ