ಅಮ್ಮನ ಸುಸ್ತನ್ನು ನಂಬಿದವರಿಗೆ

ಎಲ್ಲರಿಗೂ ನಮಸ್ಕಾರ. ಅಮ್ಮನ ಹೃದಯದ ಆಪರೇಷನ್ ಆಗಿ ಒಂದು ವರ್ಷ ತುಂಬಿತು. ಮೊನ್ನೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಹೊಸ ವಾಲ್ವ್, ಅಂದರೆ ಹೃದಯದ ಕವಾಟ, ಚೆನ್ನಾಗಿದೆ ಅಂದರು. ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುವವರಿಗೆ ಗೊತ್ತು, ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅಂಥ ಹೊತ್ತಲ್ಲೇ ಅಮ್ಮ ಹೊರೆ ಇಳಿಸಿ ಬದುವಿನ ಮೇಲೆ ಕೂತುಬಿಡುತ್ತಿದ್ದರು. ತೋರಿಸಿದ ಕಡೆಯೆಲ್ಲ ಅದೇ ಮಾತು: ವಯಸ್ಸಾಯ್ತು, ರಕ್ತ ಕಡಿಮೆ, ಗ್ಯಾಸು. ಹೆಂಗಸರು ಸುಸ್ತು ಅಂದರೆ ಯಾರು ಲೆಕ್ಕಕ್ಕಿಡುತ್ತಾರೆ ಹೇಳಿ.

ಮೊದಲ ಥ್ಯಾಂಕ್ಸ್ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಮೇಡಂಗೆ. ಬಿಪಿ ಮಾತ್ರೆಗೆ ಹೋಗಿದ್ದ ಅಮ್ಮನ ಎದೆಗೆ ಸ್ಟೆತಸ್ಕೋಪ್ ಇಟ್ಟು ಸುಮಾರು ಹೊತ್ತು ಕೇಳಿದರು. "ಸದ್ದು ಸರಿಯಿಲ್ಲ ಕಣಮ್ಮಾ, ಎಕೋ ಮಾಡಿಸಿ" ಅಂದರು.

ಎಕೋದಲ್ಲಿ ಅಯೋರ್ಟಿಕ್ ವಾಲ್ವ್, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಕಿರಿದಾಗಿದೆ ಅಂತ ಬಂತು. ಅದರ ಬಾಯಿ 1 ಚದರ ಸೆಂ.ಮೀ.ಗಿಂತ ಚಿಕ್ಕದು, ಅಂದರೆ ಕಾಯಿಲೆ ಜೋರು. ಆದರೆ ವಾಲ್ವಿನ ಆಚೀಚೆ ಒತ್ತಡದ ವ್ಯತ್ಯಾಸ ಜೋರು ಅನ್ನುವ ಗಡಿ, 40 (ಮಿ.ಮೀ. ಪಾದರಸ), ಮುಟ್ಟಿರಲಿಲ್ಲ. ಇನ್ನೂ ಕಾಯಬಹುದು ಅಂದರು ಒಬ್ಬರು. ಬೆಂಗಳೂರಿನ ಹೃದ್ರೋಗ ತಜ್ಞರು ಒಪ್ಪಲಿಲ್ಲ. ಹೆಂಗಸರ ಹೃದಯದ ಕೋಣೆ ಚಿಕ್ಕದು. ಗೋಡೆ ದಪ್ಪಗಾದರೆ ಬಡಿತಕ್ಕೆ ಹೊರಹೋಗುವ ರಕ್ತವೇ ಕಡಿಮೆ. ಒತ್ತಡ ಏರದೆಯೂ ವಾಲ್ವ್ ಕೆಟ್ಟಿರಬಹುದು ಅಂತ ಸಿ.ಟಿ. ಮಾಡಿಸಿ, ಅಲ್ಲಿ ಕೂತಿದ್ದ ಕ್ಯಾಲ್ಸಿಯಂ ಅಳೆಸಿದರು. ಗಂಡಸರಿಗೆ 2000 ದಾಟಿದರೆ ಜೋರು ಅಂತ ಲೆಕ್ಕ, ಹೆಂಗಸರಿಗೆ 1200. ಹೆಂಗಸರ ವಾಲ್ವ್ ಕ್ಯಾಲ್ಸಿಯಂ ಅಷ್ಟಿಲ್ಲದಿದ್ದರೂ ನಾರುಗಟ್ಟಿ ಬಿಗಿಯಾಗುತ್ತದಂತೆ. ಅಮ್ಮನದು 1400ರ ಆಸುಪಾಸು. ಗಂಡಸರ ಲೆಕ್ಕ ಹಿಡಿದಿದ್ದರೆ ಇನ್ನೂ ಕಾಯುತ್ತಲೇ ಇರುತ್ತಿದ್ದೆವು.

ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ವಾಲ್ವ್ ಕೂರಿಸುವ ಟಾವಿ ಬಗ್ಗೆಯೂ ಡಾಕ್ಟರು ಹೇಳಿದ್ದರು. ಬರೀ ಹೆಂಗಸರ ಮೇಲೆ ಯುರೋಪಿನಲ್ಲಿ ನಡೆದ ರಿಯಾ ಅಧ್ಯಯನದ ಫಲಿತಾಂಶ 2024ರಲ್ಲಿ ಬಂತು. ವರ್ಷದೊಳಗೆ ಸಾವು, ಸ್ಟ್ರೋಕ್ ಇಲ್ಲವೇ ಮತ್ತೆ ಆಸ್ಪತ್ರೆ ಸೇರುವ ಸ್ಥಿತಿ ಬಂದದ್ದು ಆಪರೇಷನ್ ಆದವರಲ್ಲಿ ಶೇ. 15.6, ಟಾವಿ ಆದವರಲ್ಲಿ ಶೇ. 8.9. ಆದರೆ ಅದರ ರೇಟು ಕೇಳಿದರೆ ನಮ್ಮಂಥವರಿಗೆ ಆಗುವ ಮಾತಲ್ಲ. ಅದು ಅಗ್ಗವಾಗಲಿ ಅನ್ನೋದು ನನ್ನ ಮನಸ್ಸಿನ ಮಾತು.

ಹಾಗಾಗಿ ಆಪರೇಷನ್ನೇ ಆಯಿತು. ಅಮ್ಮನಿಗೆ ವಾಲ್ವ್ ಕೂರುವ ಜಾಗವೇ ಚಿಕ್ಕದಿತ್ತು. ಸಣ್ಣ ವಾಲ್ವ್ ಹಾಕಿ ಮುಗಿಸಿದ್ದರೆ ಸುಸ್ತು ಪೂರ್ತಿ ಹೋಗುತ್ತಿರಲಿಲ್ಲವೇನೋ. ಸರ್ಜನ್ ಪ್ಯಾಚ್ ಹಾಕಿ ಜಾಗ ಅಗಲ ಮಾಡಿ, ಒಂದು ಸೈಜ್ ದೊಡ್ಡ ಟಿಶ್ಯೂ ವಾಲ್ವ್ (ಪ್ರಾಣಿಯ ಅಂಗಾಂಶದಿಂದ ಮಾಡಿದ್ದು) ಕೂರಿಸಿದರು. ಸರ್, ನಿಮ್ಮ ಕೈಗೆ ನಮಸ್ಕಾರ.

ವಾರ್ಡಿನ ಸಿಸ್ಟರ್ ಒಬ್ಬರನ್ನು ಮರೆಯೋ ಹಾಗೇ ಇಲ್ಲ. ಎದೆಯ ಭಾರ ಜಗ್ಗಿದರೆ ಹೊಲಿಗೆ ನೋಯುತ್ತೆ, ಮುಂದೆ ಹುಕ್ ಇರುವ ಮೆತ್ತನೆ ಬಾಡಿ ಹಾಕಿಸಿ ಅಂತ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಮ್ಮ ನಾಚಿಕೆಗೆ ನೋವು ನುಂಗಿಕೊಂಡು ಮಲಗಿದ್ದರು! ಅವತ್ತೇ ತಂದು ಹಾಕಿದೆವು. ಆ ರಾತ್ರಿ ನಿದ್ದೆ ಮಾಡಿದರು.

ರಕ್ತ ಕೊಟ್ಟ ಹುಡುಗರಿಗೆ, ಬಾಡಿಗೆ ಬೇಡ ಅಂದ ಆಟೋ ಅಣ್ಣನಿಗೆ ಥ್ಯಾಂಕ್ಸ್. ಪಕ್ಕದ ಮನೆ ಅಕ್ಕಾ, ನೀವು ನಮ್ಮ ಹುಳಕ್ಕೂ ಸೊಪ್ಪು ಹಾಕಿ, ಗೂಡು ಕಟ್ಟಲು ಚಂದ್ರಿಕೆ ತಟ್ಟಿಗೆ ಬಿಟ್ಟು, ಗೂಡು ಮಾರ್ಕೆಟ್ಟಿಗೆ ಕಳಿಸಿ, ಒಂದು ರೂಪಾಯಿ ಮುಟ್ಟಲಿಲ್ಲ. ಈ ಬೆಳೆಯ ದುಡ್ಡಲ್ಲಿ ಅರ್ಧ ನಿಮ್ಮದು ಅಂತ ಅಮ್ಮ ಹಟ ಹಿಡಿದಿದ್ದಾರೆ. ಊರೆಲ್ಲ ಓದಲಿ ಅಂತಲೇ ಇಲ್ಲಿ ಬರೆದಿದ್ದೇನೆ, ಈಗ ಬೇಡ ಅನ್ನೋ ಹಾಗಿಲ್ಲ.